ನೀರಗಂಟಿಯ ಹುದ್ದೆ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ನಿಂತ ಅಣೆಕಟ್ಟಿನ ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ನೀರಿನಲ್ಲಿ ಹೆಣ್ಣಿನ ಹೆಸರಿಗೆ ಬರವಿಲ್ಲ, ಬರವಿರುವುದು ಹುದ್ದೆಗೆ. 2019ರ ಜಲಜೀವನ್ ಮಿಷನ್, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಊರಿಗೆ 5 ಮಹಿಳೆಯರು ನೀರು ಪರೀಕ್ಷೆ ಕಲಿಯಬೇಕು ಎಂದಿತು. ಅಂಥದೊಂದು ಕಲ್ಪಿತ ಸಮಿತಿಯ ಸಭೆ ಹೀಗೆ ಸಾಗುತ್ತದೆ:

“ನೀರಗಂಟಿ ಕೆಲಸಕ್ಕ ಅರ್ಜಿ ಹಾಕೇನ್ರಿ.”

“ವಾಲ್ವ್ ತಿರುವೂದು ಹೆಣ್ಮಕ್ಕಳ ಕೈಲೆ ಆಗಂಗಿಲ್ಲವಾ, ಭಾಳ ಬಿಗಿ.”

“ಎರಡು ಕೊಡ ಹೊತ್ತು ದಿನ್ನಿ ಏರೂದ್ರಿ?”

“ಅದು ಕೆಲಸಲ್ಲ, ಸಂಸ್ಕಾರ.”

“ಕಿಟ್‌ನ್ಯಾಗ ಫ್ಲೋರೈಡ್ ನೋಡಿ ಬರದ ಕೊಟ್ಟೇನಿ. ಪಗಾರ?”

“ಪಗಾರ ತಗೊಂಡ್ರ ಸೇವಾ ಹೆಂಗಾತು? ಫೋಟೋ ತಗಸ್ತೀವಿ. ಇಲ್ಲೆ ಸಹಿ ಮಾಡು, ಮಹಿಳಾ ಸಬಲೀಕರಣದ ಠರಾವು.”

ಠರಾವು ಸರ್ವಾನುಮತದಿಂದ ಪಾಸಾಗುತ್ತದೆ. ನೀರಗಂಟಿಯಾಗಿ, ಅರ್ಜಿಯನ್ನೇ ಹಾಕದ ಅಧ್ಯಕ್ಷರ ಅಳಿಯ ನೇಮಕಗೊಳ್ಳುತ್ತಾನೆ.