ಗ್ಯಾಸ್ ಖಾಲಿ ಆಗ್ಯಾದ್ರಿ ಸಾಹೇಬ್ರ

ಮಾರ್ಚ್ ಮುಗಿಯುವಷ್ಟರಲ್ಲಿ ಬೀದರಿನ ಕಾರುಗಳಿಗೆ ಒಂದು ರೋಗ ಹತ್ತುತ್ತದೆ. ಎಸಿ ಬಿಸಿಗಾಳಿ ಊದತೊಡಗುತ್ತದೆ. ಕಾರಣ ಹತ್ತು ಇರಬಹುದು, ಔಷಧಿ ಮಾತ್ರ ಒಂದೇ. ಬಾನೆಟ್ ಎತ್ತುವ ಮೊದಲೇ ಮೆಕ್ಯಾನಿಕ್ ಉಸ್ತಾದರ ತೀರ್ಪು ಬಂದಿರುತ್ತದೆ: "ಗ್ಯಾಸ್ ಖಾಲಿ ಆಗ್ಯಾದ್ರಿ ಸಾಹೇಬ್ರ. ತುಂಬಿಸ್ರಿ, ಬರಫ್ ಆಗ್ತದ."

ಖಾಲಿ ಹೇಗಾಯಿತು? ಅದೇನು ಪೆಟ್ರೋಲೇ, ಸುಟ್ಟು ಹೋಗಲು? ಕಂಪ್ರೆಸರ್ ಗ್ಯಾಸನ್ನು ಒತ್ತುತ್ತದೆ. ಮುಂದಿನ ಕಂಡೆನ್ಸರಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಒಳಗಿನ ಕಾಯಿಲಿನಲ್ಲಿ ನಮ್ಮ ಸೆಕೆ ಹೀರಿ ಮತ್ತೆ ಅನಿಲವಾಗಿ ಹಿಂದಿರುಗುತ್ತದೆ. ಮುಚ್ಚಿದ ಪೈಪುಗಳೊಳಗೆ ಸುತ್ತುವುದಷ್ಟೇ ಅದರ ಕೆಲಸ. ವರ್ಷಕ್ಕೆ ಒಂದಿಷ್ಟು ಗ್ರಾಂ ಜಿನುಗಬಹುದು, ಒಪ್ಪೋಣ. ಆದರೆ ಹೋದ ಬೇಸಿಗೆಯಲ್ಲಿ ತುಂಬಿಸಿದ್ದು ಈ ಬೇಸಿಗೆಗೆ ಪೂರ್ತಿ ಮಾಯವಾಗಿದ್ದರೆ ಎಲ್ಲೋ ತೂತು ಬಿದ್ದಿದೆ. ಅದನ್ನು ಹಾಗೇ ಬಿಟ್ಟು ಗ್ಯಾಸ್ ತುಂಬುವುದೆಂದರೆ ಪಂಕ್ಚರ್ ಟ್ಯೂಬಿಗೆ ಗಾಳಿ ಹೊಡೆಸಿಕೊಂಡು ಹುಮನಾಬಾದಿಗೆ ಹೊರಟ ಹಾಗೆ.

ತೂತು ಹುಡುಕುವುದು ಬ್ರಹ್ಮವಿದ್ಯೆಯೇನಲ್ಲ. ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ನೋಡಬೇಕು. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಬೇಕು. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ. ಅದನ್ನು ಸರಿಪಡಿಸಿದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಪಂಪ್ ಓಡಿಸಿ ಒಳಗಿನ ತೇವ ಎಳೆಯಬೇಕು. ತೇವ ಉಳಿದರೆ ಕಾಯಿಲಿಗೆ ದ್ರವ ಬಿಡುವ ವಾಲ್ವಿನ ಬಾಯಲ್ಲಿ ಮಂಜುಗಟ್ಟುತ್ತದೆ, ಆಮ್ಲವಾಗಿ ಲೋಹ ತಿನ್ನುತ್ತದೆ. ಕೊನೆಗೆ ಬಾನೆಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಬೇಕು. ಹೆಚ್ಚಾದರೂ ಎಸಿ ತಂಪಾಗದು.

ತೂಕವೇ? ಸಂತೆಯಲ್ಲಿ ತೊಗರಿಬೇಳೆ ಹತ್ತು ಗ್ರಾಂ ಕಡಿಮೆಯಾದರೆ ಊರು ಸೇರಿಸುವವರು ನಾವು. ಇಲ್ಲಿ ಉಸ್ತಾದರು ಪೈಪ್ ಮುಟ್ಟಿ "ಥಂಡಾ ಆಯ್ತು" ಎಂದರೆ ಸಾಕು, ರೊಕ್ಕ ಎಣಿಸುತ್ತೇವೆ.

ಸೋರಿಕೆ ಹುಡುಕಿಕೊಡಿ ಎಂದು ಹಟ ಹಿಡಿದಿರೋ, ಪ್ರವಾಸ ಶುರು. ಔರಾದಿನಲ್ಲಿ "ಬೀದರಿಗಿ ಹೋಗ್ರಿ." ಭಾಲ್ಕಿಯಲ್ಲಿ "ಬೀದರಿಗಿ ಹೋಗ್ರಿ, ಇಲ್ಲಾಂದ್ರ ಉದಗೀರಿಗಿ." ಬೀದರಿಗೆ ಬಂದರೆ "ಹೈದ್ರಾಬಾದಿಗಿ ಹೋಗ್ರಿ." 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ಪಾಲು ಮಾಡಿದರು. ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು, ಜಹೀರಾಬಾದ್ ಆಂಧ್ರಕ್ಕೆ, ನಾವು ಮೈಸೂರಿಗೆ. ಸೋರಿಕೆ ಹುಡುಕುವ ಯಂತ್ರಗಳು ಆವತ್ತೇ ಆಚೆಯ ಎರಡು ಪಾಲಿಗೆ ಸೇರಿರಬೇಕು.

ಇನ್ನೊಂದು ತಮಾಷೆ. ಬೀದರಿನ ಚೌಬಾರದ ಗದ್ದಲದಲ್ಲಿ ನಿಂತಾಗ ಬಿಸಿಗಾಳಿ, ಭಾಲ್ಕಿ ರಸ್ತೆಯಲ್ಲಿ ಓಡುವಾಗ ತಂಪು. ಹೀಗಿದ್ದರೆ ಮೊದಲು ನೋಡಬೇಕಾದದ್ದು ಕಂಡೆನ್ಸರಿನ ಫ್ಯಾನ್. ಅದು ತಿರುಗುತ್ತಿರಲಿಕ್ಕಿಲ್ಲ, ಅಥವಾ ಕಂಡೆನ್ಸರಿಗೆ ನಮ್ಮ ಕೆಮ್ಮಣ್ಣು ಮೆತ್ತಿರುತ್ತದೆ. ಗಾಳಿಯೇ ಮೆಲ್ಲಗೆ ಬರುತ್ತಿದ್ದರೆ ಗ್ಲವ್ ಬಾಕ್ಸಿನ ಹಿಂದಿನ ಫಿಲ್ಟರ್ ತೆಗೆದು ನೋಡಿ, ಅರ್ಧ ಹೊಲ ಅಲ್ಲೇ ಇರುತ್ತದೆ. ಫ್ಯಾನ್ ಕೆಟ್ಟರೂ ಗ್ಯಾಸ್. ಫಿಲ್ಟರ್ ಕಟ್ಟಿದರೂ ಗ್ಯಾಸ್. ಫ್ಯೂಸ್ ಹೋದರೂ ಗ್ಯಾಸ್.

ಎಲ್ಲಕ್ಕಿಂತ ಘನಕಾರ್ಯ ಬೇರೆಯಿದೆ. ಗ್ಯಾಸ್ ತೀರಾ ಇಳಿದರೆ ಕಂಪ್ರೆಸರನ್ನು ತಾನೇ ನಿಲ್ಲಿಸುವ ಪ್ರೆಶರ್ ಸ್ವಿಚ್ ಒಂದಿರುತ್ತದೆ. ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುವುದರಿಂದ, ಗ್ಯಾಸಿಲ್ಲದೆ ಓಡಿದ ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಆ ಒಬ್ಬ ಕಾವಲುಗಾರನ ವೈರನ್ನೇ ಕತ್ತರಿಸಿ "ಡೈರೆಕ್ಟ್ ಮಾಡಿಕೊಟ್ಟೀನ್ರಿ" ಎನ್ನುತ್ತಾರೆ. ನಾವು ಅದಕ್ಕೆ ಥ್ಯಾಂಕ್ಸ್ ಹೇಳಿ ಬರುತ್ತೇವೆ. ತಡೆಯುವವನನ್ನು ತೆಗೆದು ಹಾಕುವುದಕ್ಕೆ ಈ ಜಿಲ್ಲೆಯಲ್ಲಿ ಯಾವತ್ತೂ ಒಳ್ಳೆಯ ಹೆಸರಿದೆ.

ಬರೀ ಉಸ್ತಾದರನ್ನು ಬೈದರೆ ಪಾಪ. ಏಪ್ರಿಲ್, ಮೇ ಬಂದರೆ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬೀಗ ಹಾಕುತ್ತವೆ. ಪತ್ರಾಸಿನ ಶೆಡ್ಡಿನಲ್ಲಿ ಕುಳಿತು ಸಾಹೇಬರ ಕಾರು ತಂಪು ಮಾಡುವವನಿಗೆ ಆ ಆದೇಶ ಅನ್ವಯಿಸುವುದಿಲ್ಲ. ಗ್ಯಾಸಿನ ತರಬೇತಿ ಅವನಿಗೆ ಯಾರೂ ಕೊಟ್ಟಿಲ್ಲ. ಸೋರಿಕೆ ಪರೀಕ್ಷೆಗೆ ಮಜೂರಿ ಕೇಳಿದರೆ "ಬರೇ ನೋಡ್ಲಿಕ್ಕ ರೊಕ್ಕ್ಯಾಕ?" ಎನ್ನುವವರು ನಾವೇ. ಪ್ರತಿ ಬೇಸಿಗೆ ಗ್ಯಾಸಿಗೆ ರೊಕ್ಕ ಸುರಿಯುವವರೂ ನಾವೇ. ಪಕ್ಕಾ ಬಿಲ್ ಕೇಳಿದರೆ ಜಿಎಸ್‌ಟಿ ಬೀಳುತ್ತದೆಂದು ಬಾಯಿ ಮುಚ್ಚಿಕೊಳ್ಳುತ್ತೇವೆ, ಆಮೇಲೆ ಗ್ಯಾರಂಟಿ ಕೇಳುತ್ತೇವೆ.

ಈ ಗ್ಯಾಸು ಸುಮ್ಮನೆ ಗಾಳಿಗೆ ಸೇರುವುದಿಲ್ಲ. ನಮ್ಮ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ. ಓಝೋನಿಗೆ ಅದು ಸಾಧು. ಆದರೆ ಭೂಮಿ ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಗಟ್ಟಿ. ಅರ್ಧ ಕಿಲೋ ಸೋರಿದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಪಾಪ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುತ್ತೇವೆಂದು 2016ರಲ್ಲಿ ಕಿಗಾಲಿಯಲ್ಲಿ ಜಗತ್ತು ಒಪ್ಪಿತು. ಭಾರತ 2021ರಲ್ಲಿ ಅನುಮೋದಿಸಿತು. ನಮ್ಮ ಇಳಿಕೆ ಶುರುವಾಗುವುದು 2032ಕ್ಕೆ. ಅಲ್ಲಿಯವರೆಗೆ ಜೂನ್ 5ಕ್ಕೆ ಸಸಿ ನೆಡಲು ಬಂದವರ ಕಾರು ಎಸಿ ಹಾಕಿಕೊಂಡೇ ನಿಂತಿರುತ್ತದೆ. ಸಸಿಗೆ ನೀರು ಹಾಕುವವರಿಲ್ಲ. ಡ್ರೈವರಿಗೆ ಎಂಜಿನ್ ಆರಿಸುವ ಅಪ್ಪಣೆಯಿಲ್ಲ.

ಒಂದೇ ವಿನಂತಿ. ಮುಂದಿನ ಸಲ ಸಿಲಿಂಡರಿನ ಪೈಪ್ ಹಚ್ಚುವ ಮೊದಲು ಉಸ್ತಾದರನ್ನು ಕೇಳಿ: ಹಳೇ ಗ್ಯಾಸ್ ಎಲ್ಲಿಂದ ಹೋಯಿತು? ಅವರು ಹುಡುಕಲು ಕುಳಿತರೆ ಕೇಳಿದಷ್ಟು ಮಜೂರಿ ಕೊಡಿ. ಬರೀ ನಕ್ಕರೆ ಬಾನೆಟ್ ಹಾಕಿಕೊಂಡು ಹೊರಡಿ.