ಬರ್ರಿ, ಕೂಡ್ರಿ, ಪಾಸ್‌ವರ್ಡ್ ಬರ್ಕೊಳ್ರಿ

ಗಿಲ್ಲೆಸುಗೂರಿನಲ್ಲಿ ಹಗಲು ಹೊತ್ತು ಬಾಗಿಲು ಹಾಕಿದ ಮನೆ ಕಂಡರೆ ಓಣಿಯವರಿಗೆ ಎರಡು ಅನುಮಾನ. ಒಂದೋ ಮನೆಮಂದಿಯೆಲ್ಲ ಮಂತ್ರಾಲಯಕ್ಕೆ ಹೋಗಿದ್ದಾರೆ, ಇಲ್ಲವೇ ಒಳಗೆ ಜಗಳ ನಡೆದಿದೆ. ಮೊದಲನೆಯದಾದರೆ ಪ್ರಸಾದ ಬರುವವರೆಗೆ ಕಾಯುತ್ತಾರೆ, ಎರಡನೆಯದಾದರೆ ಕಾಯದೆ ಬಾಗಿಲು ಬಡಿಯುತ್ತಾರೆ. ಇಂಥ ಊರಿಗೆ ಕಂಪ್ಯೂಟರು ಬಂತು. ಬಂದದ್ದೇ, ನನಗೆ ಬೀಗ ಹಾಕು, ಕೀಲಿ ಯಾರ ಕೈಗೂ ಕೊಡಬೇಡ, ಗುರುತಿಲ್ಲದವರು ಕೊಟ್ಟದ್ದನ್ನು ಮುಟ್ಟಬೇಡ ಎಂದು ಹಟ ಹಿಡಿಯಿತು. ಹೊಸ ಸೊಸೆ ಹೀಗೆಲ್ಲ ಅಂದಿದ್ದರೆ ಒಂದು ವಾರವೂ ಸಂಸಾರ ನಡೆಯುತ್ತಿರಲಿಲ್ಲ.

ನಮ್ಮ ಕಂಪ್ಯೂಟರು ಇರುವುದು ಪಡಸಾಲೆಯಲ್ಲಿ. ಪಡಸಾಲೆಯಲ್ಲಿ ಇಟ್ಟದ್ದು ಓಣಿಗೆ ಸೇರಿದ್ದು. ಪಹಣಿ ನೋಡುವವರು, ಎಸ್ಸೆಸ್ಸೆಲ್ಸಿ ಫಲಿತಾಂಶ ಕೇಳುವವರು, ವಿದ್ಯಾರ್ಥಿವೇತನದ ಅರ್ಜಿ ತುಂಬುವವರು, ಭತ್ತದ ಧಾರಣಿ ವಿಚಾರಿಸುವವರು ಎಲ್ಲರೂ ಇಲ್ಲಿಗೇ ಬರುತ್ತಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಕ್ಕನ ಮಗ ರಜೆಗೆಂದು ಬಂದವನು ಈ ಜಾತ್ರೆ ನೋಡಿ ಹೌಹಾರಿದ. ಅಂದೇ ಪಾಸ್‌ವರ್ಡ್ ಹಾಕಿದ. ಮರುದಿನ ಎದುರುಮನೆ ಕಾಕಾ ಬಂದರು, ಪರದೆಯ ಮೇಲೆ ಖಾಲಿ ಡಬ್ಬಿ ನೋಡಿದರು, ತಿರುಗಿ ಚಪ್ಪಲಿ ಮೆಟ್ಟಿದರು.

"ಅಲ್ಲೋ ತಮ್ಮಾ, ಇಷ್ಟ್ ದಿನ ಇಲ್ಲದ್ದು ಈಗ್ಯಾಕ? ನಾವೇನು ಕಳ್ಳರಾ?"

ಜಗತ್ತಿನ ಯಾವ ಭದ್ರತಾ ಕೈಪಿಡಿಯಲ್ಲೂ ಈ ಪ್ರಶ್ನೆಗೆ ಉತ್ತರ ಇಲ್ಲ. ಹಾಕಿದ ಹುಡುಗನೇ ನಾಚಿಕೊಂಡು ಪಾಸ್‌ವರ್ಡ್ ಹೇಳಿಬಿಟ್ಟ. ತಮಗೆ ನೆನಪು ಉಳಿಯುವುದಿಲ್ಲವೆಂದು ಕಾಕಾ ಅದನ್ನು ಸೊಸೆಗೆ ಹೇಳಿದರು. ಆಕೆ ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ ಬರೆದಿಟ್ಟಳು.

ಬರೆಯದಿದ್ದರೂ ನಡೆಯುತ್ತಿತ್ತು ಅನ್ನಿ. ರಾಯಚೂರಿನಿಂದ ಮಂತ್ರಾಲಯದವರೆಗಿನ ದಾರಿಯಲ್ಲಿ ಯಾರ ಕಂಪ್ಯೂಟರಿಗಾದರೂ ಕನ್ನ ಹಾಕಬೇಕೆಂದರೆ ಕಳ್ಳ ಮೊದಲು ರಾಯರ ಹೆಸರು ಒತ್ತಿ ನೋಡಿದರೆ ಸಾಕು. ಅದಕ್ಕೆ ಬಾಗಿಲು ತೆರೆಯದಿದ್ದರೆ ಹೆಸರಿನ ಮುಂದೆ 123 ಸೇರಿಸಬೇಕು. ದೇವರ ಹೆಸರಿಟ್ಟರೆ ದೇವರೇ ಕಾಯುತ್ತಾನೆಂಬ ನಂಬಿಕೆ ನಮ್ಮದು. ಸರಕಾರಕ್ಕೆ ಅಷ್ಟು ಭಕ್ತಿ ಇಲ್ಲ. ಪಹಣಿಯನ್ನೆಲ್ಲ ಕಂಪ್ಯೂಟರಿಗೆ ಏರಿಸಿದ 'ಭೂಮಿ' ಯೋಜನೆಯಲ್ಲಿ ಅದು ಪಾಸ್‌ವರ್ಡನ್ನಷ್ಟೇ ನೆಚ್ಚಿಕೊಳ್ಳದೆ ಸಿಬ್ಬಂದಿಯ ಬೆರಳಚ್ಚು ಕೇಳಿತು. ಕಾಕಾ ಆ ಸುದ್ದಿ ಕೇಳಿ, "ನಮ್ಮಪ್ಪನ್ನ ಹೆಬ್ಬೆಟ್ಟು ಅಂತ ನಕ್ಕಿದ್ರಲ್ಲೋ, ಈಗ ಸಾಹೇಬರೇ ಹೆಬ್ಬೆಟ್ಟು ಒತ್ತಾಕತ್ತಾರ" ಎಂದು ಮೀಸೆ ತಿರುವಿದ್ದರು.

ವೈರಸ್ಸು ಎಲ್ಲಿಂದ ಬರುತ್ತದೆ? ರಷ್ಯಾದಿಂದ, ಚೀನಾದಿಂದ ಎಂದು ಟೀವಿಯವರು ಹೇಳುತ್ತಾರೆ. ನಮ್ಮ ಮನೆಗೆ ಅದು ಬರುವುದು ಝರಾಕ್ಸ್ ಅಂಗಡಿಯಿಂದ, ಪೆನ್ ಡ್ರೈವಿನಲ್ಲಿ ಕುಳಿತು. ಅರ್ಜಿಯ ಪ್ರಿಂಟ್ ತೆಗೆಸಲು ಹೋದ ಪೆನ್ ಡ್ರೈವು ಊರಿನವರ ಪೆನ್ ಡ್ರೈವುಗಳೆಲ್ಲ ಸಂಗ ಮಾಡಿದ ಯಂತ್ರದಲ್ಲಿ ಹೊಕ್ಕು, ಹೊರಬಂದು, ನಮ್ಮಲ್ಲಿ ಬಾಯಿ ಬಿಡುತ್ತದೆ. ಕಡತಗಳೆಲ್ಲ ಮಾಯ! ಅವುಗಳ ಜಾಗದಲ್ಲಿ ಮೂಲೆಗೊಂದು ಬಾಣದ ಗುರುತು ಹೊತ್ತ ಶಾರ್ಟ್‌ಕಟ್‌ಗಳು. ಅಸಲಿ ಕಡತಗಳು ಎಲ್ಲೂ ಹೋಗಿರುವುದಿಲ್ಲ, ವೈರಸ್ಸು ಅವನ್ನು ಬಚ್ಚಿಟ್ಟಿರುತ್ತದೆ ಅಷ್ಟೆ. ಶಾರ್ಟ್‌ಕಟ್ ಒತ್ತಿದವನಿಗೆ ಕಡತವನ್ನೂ ತೋರಿಸುತ್ತದೆ, ಸದ್ದಿಲ್ಲದೆ ತಾನೂ ಒಳಗೆ ಹೊಗುತ್ತದೆ. ಅಳಿಯ ಕಪ್ಪು ಪರದೆ ತೆರೆದು ಅದರಲ್ಲಿ ಒಂದು ಸಾಲು ಒತ್ತಿ ಬಚ್ಚಿಟ್ಟದ್ದನ್ನು ಹೊರಗೆ ಎಳೆಯುವಾಗ ಓಣಿಯ ಹೆಂಗಸರು ದೆವ್ವ ಬಿಡಿಸುವುದನ್ನು ನೋಡಿದ ಹಾಗೆ ಬಾಯಿಗೆ ಸೆರಗು ಹಿಡಿದು ನಿಂತಿದ್ದರು. ಆಯುಧಪೂಜೆಯ ದಿನ ಸಿಪಿಯುಗೆ ವಿಭೂತಿ ಬಳಿದು, ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದು ಯಾಕೆ ಕೆಲಸ ಮಾಡಲಿಲ್ಲ ಎಂಬುದು ಅವರ ಚರ್ಚೆ. ಕೆಲಸ ಮಾಡಿತ್ತು. ವಿಭೂತಿ ಫ್ಯಾನಿಗೆ ಹೊಕ್ಕು ಕಂಪ್ಯೂಟರು ಕೆಲವು ದಿನ ಬಂದ್ ಬಿದ್ದಿತ್ತು, ಆ ದಿನಗಳಲ್ಲಿ ಒಂದು ವೈರಸ್ಸೂ ಬರಲಿಲ್ಲ. ಇದೇ ಸೇವೆಯನ್ನು ವಿದ್ಯುತ್ತು ಕೂಡ ಆಗಾಗ ಮಾಡುತ್ತದೆ. ಅತ್ತ ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ನಾಡಿಗೆಲ್ಲ ಕರೆಂಟು ಮಾಡುತ್ತಾರೆ. ಇತ್ತ ತುಂಗಭದ್ರೆಯ ಕಡೆಯ ನಮಗೆ ಅದು ಹೋದಾಗ, ನಮ್ಮ ಕಂಪ್ಯೂಟರಿನಷ್ಟು ಭದ್ರವಾದದ್ದು ಅಮೆರಿಕದ ಸೇನೆಯಲ್ಲೂ ಇರಲಿಕ್ಕಿಲ್ಲ.

ಕನ್ನ ಹಾಕುವವರಿಗೆ ಯಂತ್ರದ ಜ್ಞಾನಕ್ಕಿಂತ ಮನುಷ್ಯರ ಜ್ಞಾನ ಹೆಚ್ಚು. 2000ದ ಮೇ ತಿಂಗಳಲ್ಲಿ ಮನಿಲಾದಿಂದ ಹೊರಟ ವೈರಸ್ಸು 'ಐ ಲವ್ ಯೂ' ಎಂಬ ತಲೆಬರಹದ ಪತ್ರವಾಗಿ ಜಗತ್ತು ಸುತ್ತಿತು. ಯಾರು ತೆರೆಯುವುದಿಲ್ಲ ಹೇಳಿ? ತೆರೆದವರ ವಿಳಾಸ ಪುಸ್ತಕದಲ್ಲಿದ್ದವರಿಗೆಲ್ಲ ಅದೇ ಪ್ರೇಮಪತ್ರ ಹೋಯಿತು, ಮೇಲಧಿಕಾರಿಗೂ, ಬೀಗರಿಗೂ. ಬ್ರಿಟನ್ನಿನ ಸಂಸತ್ತು ತನ್ನ ಇ-ಮೇಲ್ ವ್ಯವಸ್ಥೆಯನ್ನೇ ಬಂದ್ ಮಾಡಬೇಕಾಯಿತು. ಬರೆದ ಹುಡುಗ ಸಿಕ್ಕ, ಆದರೆ ಫಿಲಿಪ್ಪೀನ್ಸಿನಲ್ಲಿ ಆಗ ಅದಕ್ಕೆ ಕಾನೂನೇ ಇರಲಿಲ್ಲವಾಗಿ ಬಿಟ್ಟುಬಿಟ್ಟರು. ನಮ್ಮ ಐಟಿ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷದ ಅಕ್ಟೋಬರಿನಲ್ಲಿ.

ನಮ್ಮ ಕಡೆ ಪ್ರೇಮಪತ್ರ ನಡೆಯುವುದಿಲ್ಲ ಎಂದು ಈಗಿನ ಕಳ್ಳರಿಗೆ ಗೊತ್ತಾಗಿದೆ. ಅವರು ಲಗ್ನಪತ್ರಿಕೆ ಕಳಿಸುತ್ತಾರೆ. ವಾಟ್ಸಾಪಿನಲ್ಲಿ ಬರುತ್ತದೆ, ಹೆಸರು ಮದುವೆಯ ಪತ್ರಿಕೆ, ಬಾಲದಲ್ಲಿ 'ಎಪಿಕೆ' ಎಂಬ ಮೂರಕ್ಷರ. ಒತ್ತಿದರೆ ಫೋನು ಅವರದು, ಬ್ಯಾಂಕಿನ ಸಂದೇಶ ಅವರದು, ರೊಕ್ಕವೂ ಅವರದು. ಮದುವೆಗೆ ಕರೆದರೆ ಪತ್ರಿಕೆ ಬಿಚ್ಚಿ ನೋಡದಿರುವುದು ನಮ್ಮ ಜಾಯಮಾನದಲ್ಲೇ ಇಲ್ಲ. ಕಾಕಾಗೂ ಒಂದು ಬಂತು. ಓಣಿಯ ಹುಡುಗರೆಲ್ಲ ತೆರೆಯಲು ಮುಂದಾದರೆ ಕಾಕಾ ಫೋನು ಕಿತ್ತುಕೊಂಡು ಜೇಬಿಗೆ ಹಾಕಿದರು. "ಮನಿಗೆ ಬರಲಿಲ್ಲ, ಅಕ್ಷತಿ ಕೊಡಲಿಲ್ಲ, ಗಂಡ ಹೆಂಡ್ತಿ ಬಂದು ಬರ್ರಿ ಅನ್ನಲಿಲ್ಲ. ಫೋನಿನಾಗ ಒಗದಾರ. ಇದನ್ನ ನಾ ತೆಗದು ನೋಡಬೇಕಾ?" ಪತ್ರಿಕೆ ಇವತ್ತಿಗೂ ತೆರೆದಿಲ್ಲ. ಅಷ್ಟು ಗಟ್ಟಿಯಾದ ಫೈರ್‌ವಾಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೋಡೆಯ ಮಾತು ಬಂತು. ರಾಯಚೂರಿನ ಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು ಇದೆ. 1294ರ ಶಾಸನ ಅದರ ಮೇಲೆ. ಆ ಕಲ್ಲನ್ನು ಗಾಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಕೊರೆದಿದ್ದಾರೆ. ಹೊರಗೊಂದು ಸುತ್ತು ಗೋಡೆ, ಒಳಗೊಂದು ಸುತ್ತು, ಜೊತೆಗೆ ಕಂದಕ. 1520ರಲ್ಲಿ ಕೃಷ್ಣದೇವರಾಯ ಮುತ್ತಿಗೆ ಹಾಕಿದಾಗ ಇಷ್ಟೆಲ್ಲ ಇತ್ತು. ರಾಯನ ಕಡೆಗೆ ಪೋರ್ಚುಗೀಸರ ಕೆಲವು ಕೋವಿಕಾರರು ಸೇರಿಕೊಂಡರು, ಗೋಡೆಯ ಮೇಲೆ ತಲೆ ಎತ್ತಿದವರಿಗೆ ಗುಂಡು ಹೊಡೆಯುತ್ತ ಕೂತರು. ಕೆಳಗೆ ಏನು ನಡೆದಿದೆ ನೋಡೋಣವೆಂದು ಕೋಟೆಯ ಮುಖ್ಯಸ್ಥನೇ ಕಿಂಡಿಯಿಂದ ಬಗ್ಗಿದ. ಗುಂಡು ನೇರ ಹಣೆಗೆ ಬಿತ್ತು. ಮರುದಿನ ಬಾಗಿಲು ತೆರೆಯಿತು ಎಂದು ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿಟ್ಟಿದ್ದಾನೆ. ನಾನು ಅಳಿಯನಿಗೆ ಈ ಕತೆ ಹೇಳಿದೆ. ಅವನು, "ಮಾಮಾ, ನಮ್ಮ ಆಫೀಸಿನಾಗೂ ಲಿಂಕ್ ಒತ್ತೋದು ಯಾವಾಗಲೂ ಮ್ಯಾನೇಜರ್ರೇ" ಅಂದ.

ಲಿಂಕಿಗೆ ಸಿಗದವರನ್ನು ಕಳ್ಳರು ಫೋನಿನಲ್ಲಿ ಹಿಡಿಯುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಸಿಕ್ಕಿದೆ, ನಾವು ಹೇಳಿದ ತಂತ್ರಾಂಶ ಹಾಕಿರಿ, ಇಲ್ಲದಿದ್ದರೆ ಡಿಜಿಟಲ್ ಅರೆಸ್ಟ್ ಆಗುತ್ತೀರಿ ಎಂದು ಒಬ್ಬ ಕಾಕಾರನ್ನು ಹೆದರಿಸಿದ. ಹಾಗೆ ಬಂಧಿಸುವ ಕಾನೂನು ದೇಶದಲ್ಲಿ ಎಲ್ಲೂ ಇಲ್ಲ, ಇಂಥ ಕರೆ ಬಂದರೆ 1930ಕ್ಕೆ ತಿಳಿಸಬೇಕು ಎಂದು ನಾನು ಸನ್ನೆ ಮಾಡುತ್ತಿದ್ದೆ. ಕಾಕಾ ಕೈ ಅಡ್ಡ ಹಿಡಿದು ಮಾತು ಮುಂದುವರಿಸಿದರು. "ಅರೆಸ್ಟ್ ಮಾಡಾಕ ಬರ್ತೀರಾ? ಬರ್ರೀ ಸಾಹೇಬ್ರ. ರಾಯಚೂರಿಂದ ಮಂತ್ರಾಲಯದ ಬಸ್ ಹತ್ರಿ, ಗಿಲ್ಲೆಸುಗೂರಾಗ ಇಳೀರಿ. ಒಗ್ಗರಣಿ ಮಿರ್ಚಿ ತಿಂದು ಚಾ ಕುಡದು ಆಮ್ಯಾಲ ಒಯ್ಯೀರಂತ. ಎಷ್ಟು ಮಂದಿ ಬರ್ತೀರಿ ಹೇಳ್ರಿ, ಮಿರ್ಚಿಗೆ ಹಿಟ್ಟು ಕಲಸಸ್ತೀನಿ." ಆ ಕಡೆಯವನು ಫೋನು ಇಟ್ಟುಬಿಟ್ಟ. ಕಾಕಾಗೆ ನಿಜಕ್ಕೂ ಬೇಸರವಾಯಿತು. ಹಿಟ್ಟು ಹೇಗೂ ಕಲಸಿದ್ದರಿಂದ ಮಿರ್ಚಿ ನಮಗೆ ಸಿಕ್ಕಿತು.

ಅಪ್‌ಡೇಟಿನ ವಿಷಯದಲ್ಲಿ ಮಾತ್ರ ಓಣಿ ಇನ್ನೂ ಒಪ್ಪಿಲ್ಲ. ಅರ್ಜಿಯ ಕೊನೇ ದಿನ, ಕೊನೇ ಗಂಟೆಯಲ್ಲಿ ಪರದೆ ನೀಲಿಯಾಗಿ 'ತಡೆಯಿರಿ' ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ 2017ರ ಮೇ 12ರಂದು 'ವಾನಾಕ್ರೈ' ಎಂಬ ರ‍್ಯಾನ್ಸಮ್‌ವೇರು ಬಂದು ಜಗತ್ತಿನ ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ 300 ಡಾಲರ್ ಬಿಟ್‌ಕಾಯಿನ್ ಇಡಿ ಎಂದು ಕೂತಾಗ, ಅದರ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಹಂಚಿ ಮುಗಿಸಿತ್ತು. 'ಆಮೇಲೆ ನೋಡೋಣ' ಎಂದವರೇ ಸಿಕ್ಕಿಬಿದ್ದರು, ಇಂಗ್ಲೆಂಡಿನ ಆಸ್ಪತ್ರೆಗಳೂ ಸೇರಿ. ಕಡತಗಳ ಇನ್ನೊಂದು ಪ್ರತಿ ಬೇರೆಲ್ಲೋ ಇಟ್ಟಿದ್ದವರು ಮಾತ್ರ ಆರಾಮಾಗಿದ್ದರು.

ಇನ್ನೊಂದು ಪ್ರತಿಯೆಂದರೆ ಕಾಕಾರ ಟ್ರಂಕು. ಅವರ ಹೊಲ ಪಹಣಿಯಾಗಿ ಕಂಪ್ಯೂಟರಿಗೆ ಏರಿದ್ದರೂ ಅವರು ಕಾಗದ ಬಿಟ್ಟಿಲ್ಲ. ಟ್ರಂಕಿನ ತಳದಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳಿವೆ. ಓದಬಲ್ಲವರು ಮನೆಯಲ್ಲಿ ಯಾರೂ ಉಳಿದಿಲ್ಲ. ಅಳಿಯ ಅವನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಪಕ್ಕಾ ರ‍್ಯಾನ್ಸಮ್‌ವೇರು, ಕಡತ ಇದೆ ಕೀಲಿ ಇಲ್ಲ ಎಂದ. ಅಲ್ಲ ಎಂದರು ಕಾಕಾ, ಅರ್ಥವಾಗದ್ದನ್ನು ಯಾರೂ ಕದಿಯುವುದಿಲ್ಲ.

ಆ್ಯಂಟಿವೈರಸ್ಸಿನ ಕತೆ ಬೇರೆ. ಕೊಂಡು ತಂದದ್ದು ಕಳ್ಳರನ್ನು ಹಿಡಿದದ್ದಕ್ಕಿಂತ ನವೀಕರಣದ ದುಡ್ಡು ಕೇಳಿದ್ದೇ ಹೆಚ್ಚು. ವಿಂಡೋಸ್ 8ರಿಂದ ಈಚೆಗೆ ಯಂತ್ರದೊಳಗೇ ಒಬ್ಬ ಕಾವಲುಗಾರ ಸಂಬಳವಿಲ್ಲದೆ ಇದ್ದಾನೆಂದು ತಿಳಿದ ಮೇಲೆ ಅದನ್ನು ಕಳಿಸಿಕೊಟ್ಟೆವು. ಹೋಗುವ ಮೊದಲು ಅದು ಒಮ್ಮೆ ಹಿಡಿದದ್ದು ನಾನು ಕನ್ನಡ ಬರೆಯುವ ತಂತ್ರಾಂಶವನ್ನು. ಅದರ ತಪ್ಪೂ ಅಲ್ಲ. ಕನ್ನಡ ಕೀಲಿಮಣೆಯ ತಂತ್ರಾಂಶ ಬೆರಳಿಗೂ ಪರದೆಗೂ ನಡುವೆ ನಿಂತು ಒತ್ತಿದ ಪ್ರತಿ ಕೀಲಿಯನ್ನೂ ಗಮನಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರೂ ನಿಲ್ಲುವುದು ಅಲ್ಲೇ, ಮಾಡುವುದೂ ಅದನ್ನೇ. ಕನ್ನಡದಲ್ಲಿ ಬರೆಯುವವನ ಮೇಲೆ ಪ್ರಕಾಶಕರಿಗಷ್ಟೇ ಅನುಮಾನ ಅಂದುಕೊಂಡಿದ್ದೆ.

ಕೊನೆಗೆ ಅಳಿಯ ಒಂದು ಕಟ್ಟಳೆ ಮಾಡಿ ಹೋದ. ದಿನದ ಕೆಲಸಕ್ಕೆ ಸಾಮಾನ್ಯ ಖಾತೆ, ಹೊಸ ತಂತ್ರಾಂಶ ಹಾಕಲು ಬೇರೆಯೇ ಅಡ್ಮಿನಿಸ್ಟ್ರೇಟರ್ ಖಾತೆ. ಸಾಮಾನ್ಯ ಖಾತೆಯಲ್ಲಿ ಹೊಕ್ಕ ವೈರಸ್ಸಿಗೆ ಕೈ ಅಷ್ಟು ಉದ್ದ ಚಾಚಲು ಬರುವುದಿಲ್ಲವಂತೆ. ಆದರೆ ಅಡ್ಮಿನಿಸ್ಟ್ರೇಟರ್ ಯಾರಾಗಬೇಕು? ಕಾಕಾಗೆ ಆಸೆಯಿತ್ತು, ವಯಸ್ಸಿನ ಲೆಕ್ಕದಲ್ಲಿ ಹಕ್ಕೂ ಇತ್ತು. ನನಗೂ ಇತ್ತು, ಬಿಲ್ಲು ನನ್ನ ಹೆಸರಿನಲ್ಲಿದೆ. ಅಳಿಯ ಇಬ್ಬರನ್ನೂ ಬಿಟ್ಟು ಅವ್ವನನ್ನು ಮಾಡಿದ. ಅವ್ವ ಕಂಪ್ಯೂಟರಿನಲ್ಲಿ ಕಲಿತದ್ದು ಆ ಒಂದು ಪಾಸ್‌ವರ್ಡು ಒತ್ತುವುದನ್ನು ಮಾತ್ರ. ಒತ್ತುವ ಮೊದಲು ಎಲ್ಲರನ್ನೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸುತ್ತಾಳೆ. ಅದಕ್ಕೂ ಮೊದಲು ವಿಚಾರಣೆ: ಏನು ಹಾಕಾಕತ್ತಿ? ಯಾರು ಕೊಟ್ರು? ಅವರ ಮನಿ ಎಲ್ಲಿ? ಎಷ್ಟು ರೊಕ್ಕ?

ಮೊನ್ನೆ ಕಾಕಾರ ಮೊಮ್ಮಗ ಯಾವುದೋ ಆಟ ಇಳಿಸಬೇಕೆಂದು ಗೋಗರೆದ. ಅವ್ವ ಕನ್ನಡಕ ಏರಿಸಿಕೊಂಡು ಕುರ್ಚಿಯವರೆಗೆ ಬಂದು ಕೂತಿದ್ದಳು, ಮೊದಲ ಮೂರು ಪ್ರಶ್ನೆಗೂ ಹುಡುಗ ಹೇಗೋ ಉತ್ತರ ಕೊಟ್ಟಿದ್ದ.

"ಎಷ್ಟು ರೊಕ್ಕ?"

"ರೊಕ್ಕ ಏನಿಲ್ಲ ಅಮ್ಮಾ, ಪುಕ್ಕಟ!"

ಅವ್ವ ಕನ್ನಡಕ ತೆಗೆದು ಡಬ್ಬಿಗೆ ಹಾಕಿ ಅಡಿಗೆಮನೆಗೆ ನಡೆದಳು.