ಹಗಲಿಗೆ ಒಂದು ಲಕ್ಷ ಕ್ಯೂಸೆಕ್

ನಾನು ಜೋಗದ ಕಡೆಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜೋಗದ ಕಡೆಯವನನ್ನು ನಯಾಗರಕ್ಕೆ ಕರೆದುಕೊಂಡು ಹೋಗುವುದೂ ಒಂದೇ, ಧಾರವಾಡದವನಿಗೆ ಬೇರೆ ಊರಿನ ಪೇಡೆ ಕೊಡುವುದೂ ಒಂದೇ. ತಿನ್ನುತ್ತಾನೆ, ಆದರೆ ತಿನ್ನುವಾಗ ಅವನ ಮುಖ ನೋಡಬಾರದು.

ಟೊರಾಂಟೊದಲ್ಲಿರುವ ಮಗ ಒಂದೂವರೆ ಗಂಟೆ ಕಾರು ಓಡಿಸಿ, ನಮ್ಮಿಬ್ಬರನ್ನೂ ಕಂಬಿಯ ಮುಂದೆ ತಂದು ನಿಲ್ಲಿಸಿ, "ಹೇಗಿದೆ ಅಪ್ಪ?" ಎಂದ. ಆ ನೀರನ್ನೆಲ್ಲ ಬೆಳಿಗ್ಗೆ ತಾನೇ ಎದ್ದು ಮೋಟಾರು ಹಾಕಿ ಮೇಲೆತ್ತಿದ್ದೇನೆ ಎನ್ನುವ ಹಾಗಿತ್ತು ಗತ್ತು. ನಾನು ಬಗ್ಗಿ ನೋಡಿ, "ಎತ್ತರ ಎಷ್ಟೋ?" ಎಂದೆ.

"57 ಮೀಟರ್."

"ನಮ್ಮದು 253."

ಮಗ ತಾಯಿಯ ಮುಖ ನೋಡಿದ. ಅವಳು ಏನೂ ಕೇಳಿಸಲಿಲ್ಲವೆಂಬಂತೆ ಪ್ಲಾಸ್ಟಿಕ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಎತ್ತರದ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಅಗಲದಲ್ಲಿ, ನೀರಿನ ರಾಶಿಯಲ್ಲಿ ನಮ್ಮ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಕೈಕೈ ಹಿಡಿದು ನಿಂತರೂ ನಯಾಗರಕ್ಕೆ ಸಮ ಬರಲಾರರು ಎಂದು ನಾನೂ ಒಪ್ಪುತ್ತೇನೆ, ಮನಸ್ಸಿನಲ್ಲಿ. ಆದರೆ ಮೂವತ್ತು ವರ್ಷ ವಿದ್ಯುತ್ತಿನ ಲೆಕ್ಕ ಬರೆದು ನಿವೃತ್ತನಾದವನಿಗೆ ಒಂದು ಕಾಯಿಲೆ ಅಂಟಿಕೊಂಡಿರುತ್ತದೆ. ಬೀಳುವ ನೀರು ಕಂಡ ಕೂಡಲೇ, ಬೀಳದೆ ಉಳಿದ ನೀರು ಎಲ್ಲಿಗೆ ಹೋಯಿತು ಅನ್ನಿಸುತ್ತದೆ. ಮಗನ ಫೋನು ಕಿತ್ತುಕೊಂಡು ಹುಡುಕಿದೆ. ಸಿಕ್ಕಿತು ನೋಡಿ!

1950ರಲ್ಲಿ ಅಮೆರಿಕ ಮತ್ತು ಕೆನಡಾ ಒಂದು ಒಪ್ಪಂದ ಮಾಡಿಕೊಂಡಿವೆ. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಜಲಪಾತಕ್ಕೆ ಸೆಕೆಂಡಿಗೆ ಕನಿಷ್ಠ 1 ಲಕ್ಷ ಘನ ಅಡಿ ನೀರು ಬಿಡಬೇಕು. ರಾತ್ರಿಗೆ ಮತ್ತು ಚಳಿಗಾಲಕ್ಕೆ 50 ಸಾವಿರ ಸಾಕು. ಮಿಕ್ಕಿದ್ದು ಸುರಂಗ ಹೊಕ್ಕು ಎರಡೂ ದೇಶಗಳಿಗೆ ಕರೆಂಟು ಮಾಡಲು ಹೋಗುತ್ತದೆ. ಹೊಳೆಯ ಮೇಲ್ಗಡೆ 18 ಗೇಟುಗಳ ಕಟ್ಟೆಯೇ ಇದೆ. ಸೆಕೆಂಡಿಗೆ ಘನ ಅಡಿ ಎಂದರೆ ಇನ್ನೇನು, ನಮ್ಮ ಕ್ಯೂಸೆಕ್! ಕಾವೇರಿಯ ಪುಣ್ಯದಿಂದ ನಮ್ಮ ಮಕ್ಕಳು ಅಆಇಈ ಜೊತೆಗೇ ಕಲಿಯುವ ಪದ.

"ಇದಕ್ಕೂ ನಲ್ಲಿ ಇದೆ ಕಣೇ!" ಎಂದು ಕೂಗಿದೆ. ಪಕ್ಕದಲ್ಲಿದ್ದ ಜಪಾನಿ ದಂಪತಿ ಬೆಚ್ಚಿದರು.

"ಮಾರಾಯ್ರೆ, ಇಲ್ಲಾದ್ರೂ ಸ್ವಲ್ಪ ಸುಮ್ಮನೆ ನೋಡಿ" ಎಂದಳು ಇವಳು.

ನೋಡುವುದು ಹೇಗೆ? ಆ ಕಾಗದದಲ್ಲಿರುವ ತಮಾಷೆ ಗಮನಿಸಿ. ಹೊಲಕ್ಕೊಂದು ಪಾಲು, ಊರಿಗೊಂದು ಪಾಲು, ಕರೆಂಟಿಗೊಂದು ಪಾಲು ಎಂದು ನೀರು ಹಂಚುವುದನ್ನು ನಾನು ಬಲ್ಲೆ. ನೋಡುವವರ ಕಣ್ಣಿಗೆಂದೇ ಒಂದು ಪಾಲು, ಅದೂ ಗಂಟೆ ಲೆಕ್ಕದಲ್ಲಿ ಎತ್ತಿಟ್ಟದ್ದನ್ನು ಕಂಡದ್ದು ಇದೇ ಮೊದಲು. ಜುಲೈ ತಿಂಗಳಾದ್ದರಿಂದ ರಾತ್ರಿ ಹತ್ತಕ್ಕೆ ಪಾಳಿ ಬದಲು. ಹತ್ತಾಗುವ ತನಕ ಇದ್ದೇ ಹೋಗೋಣ ಎಂದು ಹಟ ಹಿಡಿದೆ. ಕೆಂಪು, ಹಸಿರು, ನೀಲಿ ದೀಪಗಳಲ್ಲಿ ನಯಾಗರ ನಮ್ಮೂರ ಗಣಪತಿ ಪೆಂಡಾಲಿನ ಹಾಗೆ ಮಿನುಗುತ್ತಿತ್ತು. ಹತ್ತು ಐದಕ್ಕೆ, "ನೋಡು, ಇಳೀತು" ಎಂದೆ. ಹತ್ತೂಕಾಲಿಗೆ ಮತ್ತೆ ಎಂದೆ. ಇವಳು ಕರವಸ್ತ್ರ ಕೊಟ್ಟು ಕನ್ನಡಕ ಒರೆಸಿಕೊಳ್ಳಲು ಹೇಳಿದಳು.

ಮಗನಿಗೆ ಬೇಜಾರಾದೀತೆಂದು ವಾಪಸು ಬರುವಾಗ ಒಂದು ಸಮಾಧಾನದ ಕತೆ ಹೇಳಿದೆ. ನಯಾಗರದ ಕರೆಂಟು ಬಫೆಲೋ ಪಟ್ಟಣಕ್ಕೆ ಹೋದದ್ದು 1896ರಲ್ಲಿ. ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಮೈಸೂರು ಸಂಸ್ಥಾನಕ್ಕೆ ಆ ಕೆಲಸ ಮಾಡಿಕೊಟ್ಟ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್ ಕೆನಡಾ ಮೂಲದವನು. "ನೋಡು, ನಿಮ್ಮವನೇ" ಎಂದೆ. ಮಗ ಹಾಡು ಜೋರು ಮಾಡಿದ.

ಇನ್ನೂ ಒಂದು ಸಂಗತಿ ಅವನಿಗೆ ಹೇಳಬೇಕಿತ್ತು, ಹಾಡಿನಲ್ಲಿ ಮುಳುಗಿಹೋಯಿತು. 1969ರ ಜೂನ್‌ನಲ್ಲಿ ಅಮೆರಿಕದ ಕಡೆಯ ಜಲಪಾತಕ್ಕೆ ಅಡ್ಡ ಕಟ್ಟೆ ಹಾಕಿ, ನೀರನ್ನು ಪೂರ್ತಿ ನಿಲ್ಲಿಸಿ, ನವೆಂಬರ್‌ವರೆಗೆ ಬಂಡೆ ಪರೀಕ್ಷೆ ಮಾಡಿದ್ದರು. ಕೆಳಗೆ ಬಿದ್ದ ಬಂಡೆರಾಶಿ ತೆಗೆಯಬೇಕೋ ಬೇಡವೋ ಎಂಬ ಯೋಚನೆ. ಕಡೆಗೆ ಬೇಡ ಎಂದರು. ಅದಿರಲಿ. ಆ ಒಣ ಬಂಡೆ ನೋಡಲೂ ಜನ ಸಾಲುಗಟ್ಟಿ ಬಂದರು! ಇದರಲ್ಲಿ ಪ್ಯಾರಿಸ್ಸಿನವರು ಇನ್ನೂ ಮುಂದೆ. 1911ರಲ್ಲಿ ಲೂವ್ರ್ ಮ್ಯೂಸಿಯಮ್ಮಿನಿಂದ ಮೊನಾಲಿಸಾ ಕಳುವಾದಾಗ, ಚಿತ್ರ ಇದ್ದ ಜಾಗದ ಬರಿ ಗೋಡೆ ನೋಡಲು ಜನ ಕ್ಯೂ ನಿಂತಿದ್ದರಂತೆ. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಿಂದ ಜೋಗಕ್ಕೆ ಬಂದು ಕರಿ ಬಂಡೆ ನೋಡಿ ನಿಟ್ಟುಸಿರು ಬಿಡುವವರನ್ನು ಗೇಲಿ ಮಾಡುತ್ತಿದ್ದೆನಲ್ಲ, ಈಗ ಬಿಟ್ಟಿದ್ದೇನೆ. ಅವರದು ದೊಡ್ಡ ಪರಂಪರೆ.

ಮೊನಾಲಿಸಾ ಈಗ ಇದ್ದಾಳೆ, ಕಾಣುವುದಿಲ್ಲ, ಅಷ್ಟೆ. 77 ಸೆಂಟಿಮೀಟರ್ ಎತ್ತರ, 53 ಅಗಲ. ನಮ್ಮನೆ ದೇವರ ಕೋಣೆಯ ಸತ್ಯನಾರಾಯಣ ಸ್ವಾಮಿಯ ಪಟಕ್ಕಿಂತ ತುಸು ದೊಡ್ಡದು. ಅದರ ಮುಂದೆ ಗಾಜು, ಗಾಜಿನ ಮುಂದೆ ಕಟಕಟೆ, ಕಟಕಟೆಯ ಮುಂದೆ ಮುನ್ನೂರು ಎತ್ತಿದ ಕೈಗಳು, ಪ್ರತಿ ಕೈಯಲ್ಲೂ ಒಂದು ಫೋನು. ನಾವು ಯುರೋಪಿನ ಬಸ್ ಪ್ರವಾಸಕ್ಕೆ ಹೋಗಿದ್ದಾಗ ನನಗೆ ಮೊನಾಲಿಸಾ ಕಂಡದ್ದು ಮುಂದಿದ್ದವನ ಫೋನಿನೊಳಗೆ. ಇವಳು ಆ ಗೋಜಿಗೇ ಹೋಗದೆ ಹಿಂದಕ್ಕೆ ತಿರುಗಿದ್ದಳು. ಎದುರು ಗೋಡೆಯಲ್ಲಿ ವೆರೊನೀಸ್ ಬರೆದ ಕಾನಾ ಊರಿನ ಮದುವೆ ಊಟ, ಹತ್ತಿರ ಹತ್ತಿರ 7 ಮೀಟರ್ ಎತ್ತರ, 10 ಮೀಟರ್ ಅಗಲ. ಅಷ್ಟು ದೊಡ್ಡ ಮದುವೆಗೆ ಇಡೀ ಕೋಣೆಯೇ ಬೆನ್ನು ಹಾಕಿ ನಿಂತಿತ್ತು. "ಪಂಕ್ತಿ ಕೂತಾಯ್ತು, ಬಡಿಸೋಕೇ ಎಷ್ಟು ಜನ ನೋಡಿ" ಎಂದು ಇವಳು ಕಾಲು ಗಂಟೆ ಆ ಊಟದ ಮನೆಯಲ್ಲೇ ಇದ್ದಳು. ನಾನು ಫೋನಿನ ಸಂದಿಯಲ್ಲಿ ಮೂಗು ತೂರಿಸುತ್ತಿದ್ದೆ.

ಪೀಸಾಕ್ಕೆ ಹೋಗಬಾರದಿತ್ತು. ಗೋಪುರ ಚೆನ್ನಾಗಿಯೇ ಇದೆ; ನನ್ನ ಮಾನ ಹೋಯಿತು. 1173ರಲ್ಲಿ ಶುರು ಮಾಡಿದ ಕಟ್ಟಡ, ಮೂರನೆಯ ಅಂತಸ್ತಿಗೆ ಬರುವಷ್ಟರಲ್ಲೇ ಮೆತ್ತನೆ ಮಣ್ಣಿನಲ್ಲಿ ಕುಸಿದು ವಾಲಿತು. ಇನ್ನೇನು ಬಿದ್ದೀತೆಂದು 1990ರಲ್ಲಿ ಬಾಗಿಲು ಮುಚ್ಚಿ, ವಾಲದ ಮಗ್ಗುಲಿನ ಅಡಿಯಿಂದ ಹದವಾಗಿ ಮಣ್ಣು ತೆಗೆದು, ತುದಿಯನ್ನು ಸುಮಾರು 45 ಸೆಂಟಿಮೀಟರ್ ಹಿಂದಕ್ಕೆ ತಂದು, 2001ರಲ್ಲಿ ಮತ್ತೆ ತೆರೆದರು. ಪೂರ್ತಿ ನೆಟ್ಟಗೆ ಮಾಡಲಿಲ್ಲ. ನೆಟ್ಟಗಿದ್ದರೆ ಯಾರು ಬರುತ್ತಾರೆ? ಇದನ್ನು ನಾನು ಬಸ್ಸಿನವರಿಗೆಲ್ಲ ವಿವರಿಸುತ್ತಿದ್ದಾಗ ಇವಳು ಹಿಂದಿನಿಂದ, "ನಲವತ್ತು ವರ್ಷದಲ್ಲಿ ನನಗೂ ಅಷ್ಟೇ ಸರಿ ಮಾಡೋಕಾಗಿದ್ದು" ಎಂದಳು. ಆ ಪ್ರವಾಸ ಮುಗಿಯುವ ತನಕ ಬಸ್ಸಿನಲ್ಲಿ ನನ್ನ ಹೆಸರು ಪೀಸಾ.

ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನಲ್ಲಿ ಸೇಡು ತೀರಿಸಿಕೊಳ್ಳುವ ಅವಕಾಶ ಸಿಕ್ಕಿತ್ತು, ಅದೂ ತಿರುಗುಬಾಣವಾಯಿತು. ಸಾವಿರಾರು ವರ್ಷದ ಆ ಕಲ್ಲುಗಳು 1915ರಲ್ಲಿ ಹರಾಜಿಗೆ ಬಂದಿದ್ದವು. ಸಿಸಿಲ್ ಚಬ್ ಎಂಬಾತ 6,600 ಪೌಂಡಿಗೆ ಕೂಗಿ ತೆಗೆದುಕೊಂಡ. ಹೆಂಡತಿ ಅವನನ್ನು ಕಳಿಸಿದ್ದು ಊಟದ ಮನೆಗೆ ಕುರ್ಚಿ ತರಲು ಎಂದು ಒಂದು ಕತೆ. ಪರದೆ ತರಲು ಎಂದು ಇನ್ನೊಂದು. ಕುರ್ಚಿ ಬದಲು ಕಲ್ಲು ತಂದವನನ್ನು ಅವಳು ಹೇಗೆ ಬರಮಾಡಿಕೊಂಡಳೋ, ಮೂರೇ ವರ್ಷಕ್ಕೆ ಅಷ್ಟನ್ನೂ ದೇಶಕ್ಕೆ ದಾನ ಕೊಟ್ಟ. "ನೋಡು, ಅವಳು ಎಷ್ಟು ಪುಣ್ಯವಂತೆ, ಗಂಡ ಎಂಥಾ ರಸಿಕ" ಎಂದೆ. "ಅವ ಹೋದವ ಏನೋ ಒಂದು ತಂದ. ನೀವು ಕೊತ್ತಂಬರಿ ತನ್ನಿ ಅಂದ್ರೆ ಬರಿ ಪೇಪರ್ ಹಿಡ್ಕೊಂಡು ಬರ್ತೀರಿ" ಎಂದಳು.

ಊರಿಗೆ ಬಂದ ಮೇಲೆ, ಆಗಸ್ಟ್‌ನ ಒಂದು ಭಾನುವಾರ, ಬೆಂಗಳೂರಿನಿಂದ ಅಕ್ಕನ ಮಗ ಸಂಸಾರ ಸಮೇತ ಬಂದ. ಜೋಗಕ್ಕೆ ಹೊರಟೆವು. ಜಿಟಿಜಿಟಿ ಮಳೆ. ಕಣಿವೆ ತುಂಬ ಹಾಲು ಚೆಲ್ಲಿದ ಹಾಗೆ ಮಂಜು. ಶಬ್ದ ಮಾತ್ರ ಇದೆ, ನೀರು ಕಾಣುವುದಿಲ್ಲ. ಕೊಡೆ ಹಿಡಿದ ನೂರಾರು ಜನ ಬಿಳಿ ಪರದೆಗೆ ಮುಖ ಮಾಡಿ, ಜೋಳದ ತೆನೆ ತಿನ್ನುತ್ತಾ ಕಾಯುತ್ತಿದ್ದರು.

"ಮಾವ, ನೀರು ಎಷ್ಟು ಬಿಟ್ಟಿದ್ದಾರಂತೆ?" ಎಂದ ಹುಡುಗ.

ಕೇಳಬಾರದ್ದನ್ನು ಕೇಳಿದ. ನಾನು ಕಣಿವೆಗೆ ಬೆನ್ನು ಹಾಕಿ, ಕಂಬಿಗೆ ಒರಗಿ, 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಹಿಡಿದುಕೊಂಡೆ. ಅಲ್ಲಿಂದ ತಳಕಳಲೆಗೆ, ತಳಕಳಲೆಯಿಂದ ಶರಾವತಿ ವಿದ್ಯುದಾಗಾರಕ್ಕೆ, ಅಲ್ಲಿಂದ ಒಂದೇ ಜಿಗಿತಕ್ಕೆ ನಯಾಗರದ ಒಪ್ಪಂದಕ್ಕೆ ಬಂದು, ನಮಗೂ ಹೀಗೊಂದು ನೋಡುವವರ ಪಾಲು ಬರೆದಿಟ್ಟರೆ ಏನು ಗಂಟು ಹೋಗುತ್ತದೆ ಎಂದು ಕೇಳುವಷ್ಟರಲ್ಲಿ, ಹುಡುಗನ ಕಣ್ಣು ನನ್ನ ಭುಜದ ಮೇಲಿಂದ ಆಚೆ ಹೋಯಿತು. ಬಾಯಿ ತೆರೆದೇ ಇತ್ತು. ಸುತ್ತಲೂ ಜನ 'ಹೋ' ಎಂದರು. ನಾನು ತಿರುಗಿದೆ. ಹಾಲು ಮತ್ತೆ ತುಂಬಿತ್ತು.

"ಕಂಡಿತಾ?" ಎಂದೆ.

"ಕಂಡಿತು" ಎಂದಳು ಇವಳು, ಕೊಡೆ ಕೊಡವುತ್ತಾ.

"ನಾಲ್ಕೂ?"

"ನಾಲ್ಕೂ. ನೀವು ಲೆಕ್ಕ ಮುಂದುವರಿಸಿ."